ಮೂರು ರಾತ್ರಿಯ ಜೀರುಂಡೆ

ನವೆಂಬರ್ ೧೪, ಶುಕ್ರವಾರ

ಅದು ಜೀರುಂಡೆಯೇ ಅಲ್ಲವಂತೆ.

ಹದಿನೆಂಟು ವರ್ಷದ ಹಿಂದೆ ಅಣ್ಣನೂ ನಾನೂ ಇಂಟರ್ನೆಟ್ ರೇಡಿಯೊದಲ್ಲಿ ನಡೆಸಿದ್ದ ಕೀಟಗಳ ಹಾಡಿನ ಕಾರ್ಯಕ್ರಮವನ್ನು ಮತ್ತೆ ಜೋಡಿಸಲು ಒಂದು ವಾರದಿಂದ ಕೂತಿದ್ದೇನೆ. ದುಂಬಿ, ಸೊಳ್ಳೆ, ಮಿಡತೆ, ಎಲ್ಲದರ ಹಾಡೂ ಸಿಕ್ಕಿತು. ಒಂಬತ್ತನೆಯದು ಮಾತ್ರ ಇಲ್ಲ. ಅಣ್ಣ ಮೂರು ರಾತ್ರಿ ಹುಲ್ಲಿನಲ್ಲಿ ಕೂತು ರೆಕಾರ್ಡ್ ಮಾಡಿ ತಂದಿದ್ದ ಜೀರುಂಡೆ ಅದು. ಸಂಜೆ ಫೋನ್ ಮಾಡಿ ಕೇಳಿದೆ.

"ಅಯ್ಯೋ, ಅದು ಬಾಚಣಿಗೆ ಕಣೇ. ಉಗುರಲ್ಲಿ ಕೆರೆದಿದ್ದೆ," ಎಂದು ನಕ್ಕ.

"ಹಾಗಾದ್ರೆ ಆ ಮೂರು ರಾತ್ರಿ ಎಲ್ಲಿದ್ದೆ?"

"ಫ್ರೆಂಡ್ ಮನೇಲಿ. ಅಮ್ಮ ನರಳೋದು ಕೇಳೋಕಾಗ್ತಿರ್ಲಿಲ್ಲ."

ನಾನು ಕೇಳಿಸಿಕೊಂಡೆನಲ್ಲ, ಮೂರು ರಾತ್ರಿಯೂ ಒಬ್ಬಳೇ, ವಾಂತಿಯ ಬೇಸಿನ್ ಹಿಡಿದು.

ಕಾರ್ಯಕ್ರಮದ ದಿನ ಆ ದನಿ ಬಂದಾಗ ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದ್ದಳು: "ಪಾಪ, ಚಳೀಲಿ ಕೂತಿದ್ದಾನೆ ಮಗು. ಒಂದು ಶಾಲಾದ್ರೂ ಕೊಟ್ಟು ಕಳಿಸಬಾರ್ದಿತ್ತಾ ನೀನು?" ಆಮೇಲೆ ಅವಳು ಹೆಚ್ಚು ದಿನ ಉಳಿಯಲಿಲ್ಲ.

ಈಗಷ್ಟೇ ನನ್ನ ಬಾಚಣಿಗೆಯನ್ನು ಮೈಕಿನ ಹತ್ತಿರ ಹಿಡಿದು ಕೆರೆದು ನೋಡಿದೆ. ಅದೇ ದನಿ, ಚೂರೂ ವ್ಯತ್ಯಾಸವಿಲ್ಲ. ಶಾಲು ಕೊಡಲಿಲ್ಲವಲ್ಲ ಎಂದು ಹದಿನೆಂಟು ವರ್ಷ ನಾನು ಕೊರಗಿದ್ದು ಒಂದು ಬಾಚಣಿಗೆಗಾಗಿ.