ಎತ್ತಿದವನೇ ಇಳಿಸಬೇಕು

ಭಾನುವಾರ, ಜೂನ್ ೧೪

ಪ್ರೀತಿಯ ಗುಂಡ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಇಷ್ಟು ದಿನ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ನೀನು ತೆಗೆಯುವುದಿಲ್ಲ, ತೆಗೆದರೂ "ಅಂಗಡೀಲಿ ಗಿರಾಕಿ ಇದಾರೆ ಅಕ್ಕ" ಅನ್ನುತ್ತೀಯ. ಊರಿಗೆ ಊರೇ ಒಟ್ಟಿಗೆ ಕನ್ನಡಕ ಹಾಕಿಸಿಕೊಳ್ಳುತ್ತಿದೆಯೋ ಏನೋ! ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯಲು ಕೂತೆ.

ಭಾವನ ಗಾಯ ಮಾಗಿದೆ. ಬಲಗೈಯಲ್ಲಿ ಎರಡು ಬೆರಳು ಹೋದವು, ಉಳಿದವು ಇನ್ನೂ ಮಡಚುವುದಿಲ್ಲ. ಬಸ್ ವರ್ಕ್‌ಶಾಪಿನಲ್ಲಿ ಈಗ ಅವರನ್ನು ಬಿಡಿಭಾಗ ಕೊಡುವ ಕಿಟಕಿಯಲ್ಲಿ ಕೂರಿಸಿದ್ದಾರೆ. "ಇನ್ಮೇಲೆ ಅಂಗಿಗೆ ಗ್ರೀಸ್ ಆಗಲ್ಲ, ನಿನಗೆ ಒಗೆಯೋದು ಸಲೀಸು" ಎಂದು ನನ್ನನ್ನು ನಗಿಸಲು ನೋಡುತ್ತಾರೆ. ಗ್ರೀಸಿನ ವಾಸನೆಯೇ ಇಲ್ಲದ ಅಂಗಿ ಒಗೆಯುವಾಗ ನನಗೆ ಅಳು ಬರುತ್ತದೆ.

ವಿಷಯ ಕಾರಿನದು. ನೀನು ಬಿಟ್ಟುಹೋದ ಹಾಗೇ ಅದು ಒಂದು ಪಕ್ಕ ಎತ್ತಿಕೊಂಡು ಅಂಗಳದಲ್ಲಿ ನಿಂತಿದೆ. ಆ ದಿನ ಭಾವ "ಕಾರಿನ ಕೆಳಗೆ ಆಸರೆ ಕೊಡೋ ಸ್ಟ್ಯಾಂಡ್ ತರ್ತೀನಿ, ಅಲ್ಲೀವರೆಗೂ ಒಳಗೆ ತಲೆ ಹಾಕ್ಬೇಡ" ಎಂದು ಶೆಡ್ಡಿಗೆ ಹೋದದ್ದು, ನೀನು ಬರೀ ಜ್ಯಾಕನ್ನು ನಂಬಿ ಸೈಲೆನ್ಸರ್ ನೋಡಲು ಕೆಳಗೆ ತೂರಿದ್ದು, ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಡದ್ದರಿಂದ ಕಾರು ಜರುಗಿದ್ದು, ಅವರು ಓಡಿಬಂದು ನಿನ್ನನ್ನು ಎಳೆದುಹಾಕುವಷ್ಟರಲ್ಲಿ ಕೈ ಸಿಕ್ಕಿಕೊಂಡದ್ದು, ಇದನ್ನೆಲ್ಲ ಕೆದಕಲು ಬರೆಯುತ್ತಿಲ್ಲ. ಆಮೇಲೆ ಕಲ್ಲು ಕೊಟ್ಟವನೂ ನೀನೇ, ಜ್ಯಾಕ್ ಏರಿಸಿ ಕೈ ಬಿಡಿಸಿದವನೂ ನೀನೇ, ಸ್ಟ್ಯಾಂಡ್ ನಿಲ್ಲಿಸಿದವನೂ ನೀನೇ. ಅದನ್ನು ಮಾತ್ರ ಮರೆತು ಕೂತಿದ್ದೀಯ.

ಎದುರುಮನೆಯ ಮೆಕ್ಯಾನಿಕ್ ಇಳಿಸಿಕೊಡುತ್ತೇನೆಂದು ಬಂದ. ಭಾವ ಬಿಡಲಿಲ್ಲ. ಅವರ ವರ್ಕ್‌ಶಾಪಿನ ಕಟ್ಟಳೆ ನಿನಗೆ ಗೊತ್ತಲ್ಲ: ಎತ್ತಿದವನೇ ಇಳಿಸಬೇಕು, ಎಲ್ಲಿ ಏನು ಆಸರೆ ಕೊಟ್ಟಿದೆ ಎಂದು ಬಲ್ಲವನು ಅವನೊಬ್ಬನೇ. "ಗುಂಡ ಎತ್ತಿದ್ದು, ಗುಂಡನೇ ಇಳಿಸ್ಲಿ" ಎಂದು ಪಟ್ಟು ಹಿಡಿದರು. "ಎಲ್ಲಾ ಕಣ್ಣೆದುರೇ ಇದೆಯಲ್ರೀ, ಏನು ಕೊಟ್ಟಿದಾನೆ ಅಂತ ಕಾಣಲ್ವಾ?" ಎಂದು ರೇಗಿದೆ. ಮೊಂಡುತನದಲ್ಲಿ ನೀವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು.

ಈಗ ಮಳೆ ಶುರುವಾಗಿದೆ. ಅಂಗಳದ ಮಣ್ಣು ಮೆತ್ತಗಾಗಿ ಒಂದು ಸ್ಟ್ಯಾಂಡ್ ಸ್ವಲ್ಪ ವಾಲಿದೆ. ಮೊನ್ನೆ ನಮ್ಮ ಚಿಕ್ಕ ಮಗಳ ಚೆಂಡು ಕಾರಿನ ಕೆಳಗೆ ಉರುಳಿತು. ನಾನು ಬಟ್ಟೆ ಹರವುತ್ತಿದ್ದೆ. ತಿರುಗಿ ನೋಡಿದರೆ ಅವಳ ಕಾಲುಗಳಷ್ಟೇ ಹೊರಗಿವೆ! ನನಗಿಂತ ಮೊದಲು ಭಾವ ಹಾರಿದರು. ಎಡಗೈಯಲ್ಲೇ ಅವಳನ್ನು ಎಳೆದುಕೊಂಡರು. ಅವರು ಕಿರುಚಿದ ರಭಸಕ್ಕೆ ಬೀದಿಯವರೆಲ್ಲ ಗೇಟಿನ ಹತ್ತಿರ ಸೇರಿದರು. ಸಂಜೆ ಭಾವ ಕಾರಿನ ಸುತ್ತ ಹಗ್ಗ ಕಟ್ಟಿದರು. ಬಂದವರಿಗೆಲ್ಲ ಚಿಕ್ಕವಳದು ಒಂದೇ ಮಾತು: "ಮಾವ ಬಂದ್ಮೇಲೆ ಬಿಚ್ತಾರೆ."

ಬಾರೋ. ಜ್ಯಾಕಿನ ಕೆಳಗೆ ದಪ್ಪ ಹಲಗೆ ಹಾಕು. ಒಂದಿಷ್ಟೇ ಏರಿಸಿ ಸ್ಟ್ಯಾಂಡನ್ನು ಈಚೆಗೆ ಎಳೆದುಕೋ, ಮೈ ಒಳಗೆ ಹೋಗಕೂಡದು. ಮೆಲ್ಲಗೆ ಇಳಿಸು. ನಾಲ್ಕೂ ಚಕ್ರ ನೆಲಕ್ಕೆ ಕೂತ ಮೇಲೆ ಕಲ್ಲು ತೆಗೆ. ಇದು ನನ್ನ ವಿದ್ಯೆಯಲ್ಲ, ಭಾವ ಮನೆಯ ಕಿಟಕಿಯ ಬಳಿ ನಿಂತು ತಮ್ಮಷ್ಟಕ್ಕೆ ಹೇಳಿಕೊಳ್ಳುವುದನ್ನು ಕೇಳಿ ಕೇಳಿ ಬಾಯಿಪಾಠವಾಗಿದೆ. "ಊರಿಗೆಲ್ಲ ಕಣ್ಣು ಕೊಡೋನಿಗೆ ಜ್ಯಾಕ್ ಓರೆಯಾಗಿದ್ದು ಕಾಣ್ಲಿಲ್ಲ" ಎಂದು ನಿನ್ನನ್ನು ರೇಗಿಸಲು ಮಾತನ್ನೂ ಕೂಡಿಟ್ಟಿದ್ದಾರೆ. ಬಂದು ಅನ್ನಿಸಿಕೊಂಡು ಹೋಗು.

ನಿನ್ನ ಕೈಗೆ ಬಲ ಬರಲಿ, ಕಣ್ಣಿಗೆ ನಿದ್ದೆ ಬರಲಿ. ನೂರು ಕಾಲ ತಣ್ಣಗೆ ಬಾಳು.

ನಿನ್ನ
ಅಕ್ಕ

ಮತ್ತೊಂದು ಮಾತು: ಭಾವ ಕಿರುಚಿದರು ಎಂದೆನಲ್ಲ, ಏನೆಂದು ಬರೆಯಲು ಕೈ ಬರಲಿಲ್ಲ. ಅವರು ಕೂಗಿದ್ದು ಮಗಳನ್ನಲ್ಲ. "ಗುಂಡಾ, ಹೊರಗೆ ಬಾರೋ!" ಎಂದು ಕೂಗಿದರು. ಅವಳನ್ನು ಎದೆಗೆ ಒತ್ತಿಕೊಂಡ ಮೇಲೂ ಬಗ್ಗಿ ಬಗ್ಗಿ ಕಾರಿನ ಕೆಳಗೆ ನೋಡುತ್ತಲೇ ಇದ್ದರು. ಅವರ ಪಾಲಿಗೆ ನೀನಿನ್ನೂ ಅಲ್ಲೇ ಇದ್ದೀಯ ಕಣೋ. ಒಂದು ಸಲ ಬಂದು ಅವರ ಎದುರಿಗೆ ನಿಲ್ಲು.