ನಾಲ್ಕೂವರೆ ಇಂಚಿನ ಬೋಲ್ಟು

ನರಿಕೊಂಬು
20-3-1961

ಚಿ. ಸೌ. ರಾಜೀವಿಗೆ ಅಪ್ಪನ ಆಶೀರ್ವಾದ.

ನಿನ್ನ ಎರಡು ಕಾಗದವೂ ಕೈಸೇರಿವೆ. ಮೊದಲಿನದು ಬಂದು ಇಪ್ಪತ್ತು ದಿನ ಆಯಿತು. ಉತ್ತರ ಬರೆಯದೆ ಕೂತದ್ದು ನನ್ನ ತಪ್ಪು. ಕೆಲಸ ಇತ್ತು ಎಂದು ಬರೆದರೆ ನಿನ್ನ ಅಮ್ಮನೇ ನಗಾಡುತ್ತಾಳೆ. ಒಂದು ವಾರದಿಂದ ಜಗಲಿಯಲ್ಲಿ ಕೂತು ಉಳಿ ಮಸೆಯುತ್ತಿದ್ದೇನೆ, ನಿನ್ನೆ ಮಸೆದದ್ದನ್ನೇ ಇವತ್ತು ಪುನಃ. ಅಮ್ಮನ ಕೆಮ್ಮು ಕಡಿಮೆ ಉಂಟು. ಹೊಳೆಯಲ್ಲಿ ನೀರು ಇಳಿದಿದೆ.

ನಿನ್ನ ನಾದಿನಿ ಜಲಜಾಕ್ಷಿ ಬಿಸು ಹಬ್ಬ ಕಳೆದು ಹೆರಿಗೆಗೆ ಬರುತ್ತಾಳೆ, ಅವಳಿಗೆ ಮಲಗಲು ಆ ಮಂಚ ಬೇಕು, ಅದನ್ನು ಮುಟ್ಟಲು ನಿನಗೆ ಹೆದರಿಕೆ, ಅಪ್ಪನೇ ಬಂದು ಜೋಡಿಸಿ ಕೊಡಬೇಕು ಎಂದು ಬರೆದಿದ್ದಿ. ನಿನ್ನ ಮದುವೆಗೆ ನಾನೇ ಮಾಡಿ, ಬಿಡಿಬಿಡಿಯಾಗಿ ಬಸ್ಸಿನ ಮೇಲೆ ಹೇರಿ ಮೂಡುಬಿದಿರೆಗೆ ಕಳಿಸಿದ ಮಂಚ. ಜನವರಿಯಲ್ಲಿ ನಿನ್ನ ಅತ್ತೆ ನೀಲಾವತಿಯಕ್ಕ ಅದರ ಮೇಲೆ ಕೂತು ಕಾಲು ಮೇಲೆತ್ತುವಾಗ ಉದ್ದದ ಪಟ್ಟಿ ಕಳಚಿತು. ಸೊಂಟದ ಎಲುಬು ಮುರಿದು ನಲವತ್ತು ದಿನ ನರಳಿ ತೀರಿಹೋದರು. ಎಂಥ ಹೆಂಗಸು ಅದು. ನನಗೆ ಒಂದು ಸಲವೂ ಬರೀ ಚಾ ಕೊಟ್ಟವರಲ್ಲ, ಜೊತೆಗೆ ಏನಾದರೂ ಇರಲೇಬೇಕು.

ನಾನು ಬರುವುದಿಲ್ಲ ಮಗಾ. ಮೊಣಕಾಲು ನೋವು ಎಂದು ಮನೆಯಲ್ಲಿ ಹೇಳು. ಹೇಗೆ ಜೋಡಿಸುವುದೆಂದು ಬರೆಯುತ್ತೇನೆ, ಅಳಿಯಂದಿರ ಕೈಯಲ್ಲೇ ಮಾಡಿಸು. ಅಕ್ಕಿಕಾಳಿನಷ್ಟು ಸಣ್ಣ ತಿರುಪು ಕೂರಿಸುವ ಚಿನ್ನದ ಕೆಲಸದವರು. ಅವರಿಗೆ ಇದು ಆನೆಗೆ ಮೂಗುತಿ ಇಟ್ಟ ಹಾಗೆ ಕಾಣಬಹುದು.

ಸಿದ್ಧಕಟ್ಟೆ ಮೇಲಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನ ಕಂಡಕ್ಟರ್ ಉಮ್ಮರನ ಕೈಯಲ್ಲಿ ಒಂದು ಕಟ್ಟು ಕಳಿಸುತ್ತೇನೆ. ನಾಲ್ಕು ಬೋಲ್ಟು, ನಾಲ್ಕು ನಟ್ಟು, ಎಂಟು ವಾಶರ್. ಬೋಲ್ಟು ಎಲ್ಲ ನಾಲ್ಕೂವರೆ ಇಂಚಿನವು. ಹಳೆಯದು ಒಂದನ್ನೂ ಹಾಕಬೇಡಿ. ಮೊದಲು ತಲೆಕಡೆ, ಕಾಲುಕಡೆ ಎರಡನ್ನೂ ಸಮ ನೆಲದಲ್ಲಿ ನಿಲ್ಲಿಸಿ ಪಟ್ಟಿಗಳನ್ನು ತೂತಿಗೆ ಕೂರಿಸಿ. ನಾಲ್ಕು ಬೋಲ್ಟನ್ನೂ ತೂರಿಸಿ ನಟ್ಟನ್ನು ಬೆರಳಿನಲ್ಲೇ ಹಿಡಿಸಿ. ಒಂದು ಮೂಲೆಯನ್ನು ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋದರೆ ತೂತು ತೂತಿಗೆ ಸೇರುವುದಿಲ್ಲ, ಆಗ ಸುತ್ತಿಗೆ ಹಿಡಿಯುವ ಬುದ್ಧಿ ಬರುತ್ತದೆ. ಬೋಲ್ಟಿಗೆ ಪೆಟ್ಟು ಬಿದ್ದರೆ ಅದರ ಕಥೆ ಮುಗಿಯಿತು. ಒಂದು ಮೂಲೆ, ಮತ್ತೆ ಅದಕ್ಕೆ ಅಡ್ಡ ಮೂಲೆ, ಹೀಗೆ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಬನ್ನಿ. ಎರಡೂ ಕಡೆ ವಾಶರ್ ಬೇಕು, ಇಲ್ಲದಿದ್ದರೆ ನಟ್ಟು ಹಲಸಿನ ಮರವನ್ನು ತಿನ್ನುತ್ತದೆ. ಮರ ಕಿರ್ ಎಂದ ಕೂಡಲೇ ಸ್ಪ್ಯಾನರ್ ನಿಲ್ಲಿಸಿ.

ಕೊನೆಗೆ ನಟ್ಟಿನ ಹೊರಗೆ ಬೋಲ್ಟಿನ ಎರಡು ಸುತ್ತಾದರೂ ಕಾಣಬೇಕು. ಕಾಣದಿದ್ದರೆ ಬೋಲ್ಟು ಗಿಡ್ಡ. ಕೈಗೆ ಎಷ್ಟೇ ಗಟ್ಟಿ ಅನಿಸಿದರೂ ನಂಬಬೇಡಿ. ಒಂದು ವಾರ ಬಿಟ್ಟು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪುನಃ ಬಿಗಿ ಮಾಡಬೇಕು. ನಮ್ಮ ಹಳೆ ಕೆಲಸದ ಬೆಣೆ ಮಳೆಗೆ ಮರದ ಜೊತೆಯೇ ಉಬ್ಬುತ್ತದೆ, ಬಿಸಿಲಿಗೆ ಅದರ ಜೊತೆಯೇ ಒಣಗುತ್ತದೆ. ಕಬ್ಬಿಣಕ್ಕೆ ಅದೆಲ್ಲ ಗೊತ್ತಿಲ್ಲ.

ಅಳಿಯಂದಿರು ನಿನ್ನ ಜೊತೆ ಮಾತು ಬಿಟ್ಟದ್ದನ್ನು ಓದಿ ಅಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. 'ಅಮ್ಮನನ್ನು ಕೊಂದ ಕೈಯ ಅನ್ನ' ಎಂದರಂತೆ. ಬಿಸುವಿಗೆ ತವರಿಗೆ ಹೋಗುವವಳು ಅಲ್ಲೇ ಇರಲಿ ಎಂಬ ಮಾತೂ ಆ ಮನೆಯಲ್ಲಿ ಎದ್ದಿದೆಯಂತೆ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಇಲ್ಲ.

ಉತ್ತರಕ್ರಿಯೆಯ ದಿನ ಚಪ್ಪರದಲ್ಲಿ ಅಳಿಯ ಸುಧಾಕರರು ಎಲ್ಲರ ಮುಂದೆ ಕೇಳಿದರಲ್ಲ, "ಮಾವ, ನೀವೇ ಮಾಡಿದ ಮಂಚ ಅಲ್ವಾ? ಅದು ಹೇಗೆ ಕಳಚಿತು?" ನಾನು ಹೇಳಿದೆ, "ಮಳೆ ಬಿಟ್ಟ ಮೇಲೆ ನಟ್ಟು ಬಿಗಿ ಮಾಡು ಅಂತ ಇವಳಿಗೆ ಹೇಳಿ ಹೋಗಿದ್ದೆ. ಉದಾಸೀನ ಮಾಡಿದ್ದಾಳೆ." ನೀನು ಬಾಗಿಲ ಹಿಂದಿನಿಂದ, "ಮಾಡಿದ್ದೇನೆ ಅಪ್ಪ. ಒಂದು ಮೂಲೆಯದ್ದು ಮಾತ್ರ ಎಷ್ಟು ತಿರುಗಿಸಿದರೂ ಗಟ್ಟಿ ಆಗ್ಲಿಲ್ಲ" ಎಂದೆ. ನಾನು ಸುಮ್ಮನಿರು ಎಂದು ಗದರಿದೆ. ಹತ್ತು ಜನ ಕೂತಲ್ಲಿ ಬಾಯಿಗೆ ಒಂದು ಮಾತು ಬಂದುಬಿಡುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹೊತ್ತು ಹೊತ್ತಿಗೆ ಉಣ್ಣು. ಜಲಜಾಕ್ಷಿಯನ್ನು ಚೆನ್ನಾಗಿ ನೋಡಿಕೋ, ಅವಳಿಗೂ ಈಗ ತಾಯಿ ಇಲ್ಲ. ದೇವರು ನಿನ್ನ ಸಂಸಾರವನ್ನು ಕಾಯಲಿ.

ಇಂತು ನಿನ್ನ ಅಪ್ಪ,
ಶೀನಪ್ಪ ಆಚಾರಿ

ಮತ್ತೆ, 23ನೇ ತಾರೀಕು:

ಇಷ್ಟು ಬರೆದು ಮಡಚಿ ಮೂರು ದಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಹೀಗೆ ಕಳಿಸಲು ಆಗಲಿಲ್ಲ. ಮೊಣಕಾಲಿಗೆ ಏನೂ ಆಗಿಲ್ಲ.

ಚಿನ್ನದ ಕೆಲಸದವರ ಮನೆಗೆ ಹೋಗುವ ಮಂಚ, ಮರದ ಕೆಲಸದವರದ್ದು ಇಷ್ಟೇ ಎಂದು ಯಾರೂ ಆಡಬಾರದೆಂದು ಕಾಲುಗಳನ್ನು ಅಳತೆಗಿಂತ ಅರ್ಧ ಇಂಚು ದಪ್ಪ ಮಾಡಿದೆ. ತಂದಿಟ್ಟಿದ್ದ ಬೋಲ್ಟು ನಾಲ್ಕು ಇಂಚಿನದು, ಸಾಲಲಿಲ್ಲ. ಬಂಟ್ವಾಳ ಪೇಟೆಯ ಸುಲೈಮಾನ್ ಬ್ಯಾರಿಯವರ ಅಂಗಡಿಗೆ ಓಡಿದೆ. "ಉದ್ದದ್ದು ಮಂಗಳೂರಿಂದ ಬರ್ಬೇಕು ಆಚಾರ್ರೇ, ನಾಲ್ಕು ದಿನ ನಿಲ್ಲಿ" ಎಂದರು. ಮಂಚ ಮರುದಿನ ಹೋಗಬೇಕಿತ್ತು. ಮೂರು ಕಾಲುಗಳಲ್ಲಿ ನಟ್ಟು ಒಳಗೆ ಕೂರುವಂತೆ ಗುಳಿ ಕೊರೆದೆ. ನಾಲ್ಕನೆಯದು ಬಾಗಿಲಿಗೆ ಎದುರಾಗಿ ಕಾಣುವ ಕಾಲು. ಅದರಲ್ಲಿ ತಾವರೆ ಕೆತ್ತಿದ್ದೆ. ಕೊರೆದರೆ ಹೂವು ಹಾಳಾಗುತ್ತಿತ್ತು. ಅಲ್ಲಿ ವಾಶರ್ ತೆಗೆದುಬಿಟ್ಟೆ. ನಟ್ಟು ಒಂದೇ ಒಂದು ಸುತ್ತು ಹಿಡಿಯಿತು. ಆಮೇಲೆ ಬದಲಿಸುವ ಎಂದುಕೊಂಡೆ.

ದೀಪಾವಳಿಗೆ ಬಂದಾಗ ನೋಡಿದೆ. ನಟ್ಟು ತುದಿಗೆ ಬಂದಿತ್ತು. ಉದ್ದದ ಬೋಲ್ಟನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದೆ, ಸ್ಪ್ಯಾನರೂ ಇತ್ತು. ಕೈ ಹಾಕಬೇಕು ಅನ್ನುವಾಗ ನೀಲಾವತಿಯಕ್ಕ ನೆರೆಮನೆಯವರನ್ನು ಕರೆದುಕೊಂಡು ಬಂದು, "ನಮ್ಮ ಸೊಸೆಯ ಅಪ್ಪ ಮಾಡಿದ್ದು, ನೋಡಿ ಎಷ್ಟು ಚಂದ ಉಂಟು" ಎಂದು ತೋರಿಸಿದರು. ಹೆಣ್ಣು ಕೊಟ್ಟವನು ತಾನೇ ಕೊಟ್ಟ ಮಂಚವನ್ನು ಬೀಗರ ಎದುರು ರಿಪೇರಿ ಮಾಡುವುದು ಹೇಗೆ? ಚೀಲದ ಬಾಯಿ ಕಟ್ಟಿ ಬಸ್ಸು ಹತ್ತಿದೆ.

ನಿನ್ನ ತಪ್ಪು ಇಲ್ಲ ರಾಜೀವಿ. ನೀನು ಜನ್ಮ ಇಡೀ ತಿರುಗಿಸಿದ್ದರೂ ಅದು ಗಟ್ಟಿಯಾಗುತ್ತಿರಲಿಲ್ಲ. ಅದು ನನಗೆ ಚಪ್ಪರದಲ್ಲಿ ಕೂತಾಗಲೂ ಗೊತ್ತಿತ್ತು.

ನನ್ನ ಮಾನ ಕಾಯಲು ನೀನು ಈ ಕಾಗದವನ್ನು ಒಲೆಗೆ ಹಾಕುತ್ತೀ, ನಿನ್ನ ಬುದ್ಧಿ ನನಗೆ ಗೊತ್ತು. ಅದಕ್ಕೆ ಇದೇ ವಿಷಯವನ್ನು ಅಳಿಯಂದಿರಿಗೆ ಬೇರೆಯೇ ಬರೆದು ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿದ್ದೇನೆ. ಇದಕ್ಕಿಂತ ಮೊದಲು ಅದು ತಲುಪಬಹುದು.

ಬಿಸುವಿಗೆ ಅಮ್ಮನನ್ನು ನೋಡಲು ಬಾ. ಆ ದಿನ ನಾನು ಮನೆಯಲ್ಲಿ ಇರಬೇಕೋ ಬೇಡವೋ, ಒಂದು ಕಾರ್ಡು ಬರೆದು ಹಾಕು.