ಹುಣಸೆ ಬೀಜದ ಪ್ರಮೇಯ

ದಿಂಡಿಗಲ್
೧೪ ಫೆಬ್ರವರಿ ೧೯೯೯

ಪ್ರೀತಿಯ ಅಭಿರಾಮಿ ಅಕ್ಕನಿಗೆ ಇಂದುಜಾಳ ನಮಸ್ಕಾರ, ಜೊತೆಗೆ ಒಂದಿಷ್ಟು ಜಗಳ.

ನಿನ್ನ ಕಾಗದ ಬಂತು. ಎಷ್ಟು ಸಲೀಸಾಗಿ ಬರೆದಿದ್ದೀಯ! ನಮ್ಮಿಬ್ಬರ ಪೇಪರನ್ನು ಪತ್ರಿಕೆಯವರು ಒಪ್ಪಿದ್ದು ಸಂತೋಷ, ನನ್ನ ಹೆಸರು ತೆಗೆದುಬಿಡು, ವೇದಸಂದೂರಿನ ಗಿರಣಿ ಮನೆಯ ಸೊಸೆಯಾದ ನನಗೆ ಅದರಿಂದ ಆಗಬೇಕಾದ್ದೇನು ಅಂತ. ರೀಡರ್ ಹುದ್ದೆಯ ಸಂದರ್ಶನ ಏನಾಯಿತೆಂದೂ ಕೇಳಿದ್ದೀಯ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ಉಳಿದದ್ದನ್ನು ಓದದೆ ಬಯ್ಯಲು ಶುರುಮಾಡುತ್ತೀಯ.

ನಮ್ಮ ವಿಭಾಗದ ಮುಖ್ಯಸ್ಥರು ಕಾಳಿಯಪ್ಪನ್ ಸಾರ್ ನಿನ್ನದೇ ಪಕ್ಷ. ಈಗ ಅವರ ಕೋಣೆಯ ಹೊರಗೆ ಒಂದು ಹಲಗೆ ಬಂದಿದೆ, ಯಾರು ವರ್ಷಕ್ಕೆ ಎಷ್ಟು ಪೇಪರು ಬರೆದರು ಅಂತ. ಒಬ್ಬರೇ ಬರೆದರೆ ಪೂರ್ತಿ ಅಂಕ, ಇಬ್ಬರಾದರೆ ಅರ್ಧ. ಮದುವೆಯಾಗಿ ಸಂಶೋಧನೆ ಬಿಟ್ಟುಹೋದವಳಿಗೆ ಅರ್ಧ ಯಾಕಮ್ಮಾ ಬಿಟ್ಟುಕೊಡ್ತೀಯ ಅಂದರು. ಒಳ್ಳೆಯ ಮನುಷ್ಯರು, ಅಕ್ಕರೆಗೇ ಹೇಳಿದರು. ಆ ಹುದ್ದೆಗೆ ನನಗೆ ಬೇಕಾಗಿದ್ದದ್ದೂ ಆ ಅರ್ಧವೇ.

ಆದರೆ ನನಗೆ ಹಗಲೂ ಇರುಳೂ ನೆನಪಾಗುವುದು ಲ್ಯಾಬಿನ ಜಗಲಿ. ಇದ್ದ ಒಂದು ಒಳ್ಳೆಯ ಕಂಪ್ಯೂಟರಿಗೆ ಸರದಿ ಬರುವವರೆಗೆ ಎಲ್ಲರ ಚಪ್ಪಲಿಗಳ ಪಕ್ಕ ಕೂತಿರುತ್ತಿದ್ದೆವಲ್ಲ! ಹಲವು ಕಂಪ್ಯೂಟರುಗಳಿಗೆ ಕೆಲಸ ಹಂಚುವುದು ಹೇಗೆ ಎಂಬ ನಮ್ಮ ಲೆಕ್ಕ ಕಗ್ಗಂಟಾಗಿತ್ತು. ನೀನು ಸೆರಗಿನ ಗಂಟಿನಿಂದ ಹುಣಸೆ ಬೀಜ ತೆಗೆದು, ನೆಲದ ಮೇಲೆ ಗುಂಪು ಮಾಡಿ, ಒಂದೊಂದಾಗಿ ಸರಿಸುತ್ತಾ ಕೂತೆ. ಆಟಕ್ಕೆ ಕರೆಯುತ್ತಿದ್ದೀಯ ಅಂದುಕೊಂಡು ನಾನೊಂದು ಬೀಜ ಕದ್ದೆ. ಇಡೇ ಪುಳ್ಳೆ, ಅದೇ ಕಡೇದು ಅಂತ ನೀನು ನನ್ನ ಕೈಮೇಲೆ ಹೊಡೆದೆ. ಆ ಬೀಜ ತನ್ನ ಜಾಗದಲ್ಲಿ ಕೂತಾಗ ಪ್ರಮೇಯ ಬಿಡಿಸಿಕೊಂಡಿತ್ತು. ಪ್ರೋಗ್ರಾಂ ಬರೆದವಳು ನಾನು, ನಿಜ. ಅದು ಯಾಕೆ ಸರಿ ಎಂದು ತೋರಿಸಿದವಳು ನೀನು. ಈಗ ಪ್ರತಿಯೊಬ್ಬರಿಗೂ ಕಂಪ್ಯೂಟರಿದೆ, ಜಗಲಿಯಲ್ಲಿ ಯಾರೂ ಕೂರುವುದಿಲ್ಲ. ನಮ್ಮಿಬ್ಬರ ಮನೆಮಾತಾದ ಕನ್ನಡದಲ್ಲಿ ನನ್ನನ್ನು ಪುಳ್ಳೆ ಎಂದು ಬಯ್ಯುವವರೂ ಇಲ್ಲ. ಆ ದಿನಗಳು ನನಗೆ ಬೇಕು ಅಕ್ಕ. ಮೈಸೂರಿನಲ್ಲಿ ಓದಿಬಂದ ನೀನು ಆ ಜಗಲಿಯಲ್ಲೇ ಕಲಿಸಿದ ಕನ್ನಡ ಅಕ್ಷರ ಇವು, ತಪ್ಪಿದ್ದರೆ ತಪ್ಪೂ ನಿನ್ನದೇ.

ಕಾಮಯಗೌಂಡನ್‌ಪಟ್ಟಿಯ ನಮ್ಮ ದ್ರಾಕ್ಷಿ ತೋಟದಲ್ಲಿ ಮೊದಲ ಗೊಂಚಲು ಬಳ್ಳಿ ಸವರಿದವರಿಗೆ. ರಜೆಗೆ ನಮ್ಮೂರಿಗೆ ಬಂದಾಗ ನೀನೂ ನೋಡಿದ್ದೀಯ. ಒಂದು ವರ್ಷ ಸವರಿದ ಮುತ್ತಮ್ಮಾಳ್ ಕಂಬಂನ ಮಗಳ ಮನೆಗೆ ಹೋಗಿಬಿಟ್ಟಿದ್ದಳು. ಅಪ್ಪ ಒಂದು ಹಣ್ಣು ಬಾಯಿಗೆ ಹಾಕಲು ಹೋದರೆ, ಸವರ್ದೋಳು ಊರಾಗಿಲ್ಲಾಂದ್ರೆ ಹಣ್ಣು ನಿಂದಾಗೋಯ್ತಾ ಅಂತ ಅಮ್ಮ ಗದರಿದಳು. ಗೊಂಚಲು ಕಂಬಂ ಬಸ್ಸು ಹತ್ತಿದ ಮೇಲೆಯೇ ನಾವು ತಿಂದದ್ದು.

ಅದೇ ಮನೆಯ ಹುಡುಗಿ ನಾನು. ಜೊತೆಗಿರುವ ಒಪ್ಪಿಗೆ ಹಾಳೆಗೆ ಸಹಿ ಹಾಕಿ ಕಳಿಸು. ನಿನ್ನ ಹೆಸರು ಮೊದಲು, ನನ್ನದು ಆಮೇಲೆ. ಭಾವನಿಗೆ ನಮಸ್ಕಾರ ಹೇಳು.

ನಿನ್ನ ಮಾತು ಕೇಳದ ತಂಗಿ,
ಇಂದುಜಾ

ತಾ.ಕ.: ಹುದ್ದೆ ನನ್ನ ಪಕ್ಕದ ಮೇಜಿನ ಲೋಗೇಶನಿಗೆ ಆಯಿತು. ಸಂದರ್ಶನದಲ್ಲಿ ಪ್ರಮೇಯವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದೆ. ಬಹಳ ಚೆನ್ನಾಗಿದೆ, ಇದು ನಿಮ್ಮದೇ ತಾನೇ ಅಂತ ಕೇಳಿದರು. ನಮ್ಮ ಅಕ್ಕನದು ಅಂದೆ. ಮನೆಗೆ ಬಂದ ಮೇಲೆ ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ನಿನ್ನೆ ಲೋಗೇಶ್ ಕಾಫಿ ಕೊಡಿಸಿ, ಆ ಪ್ರಮೇಯದ ಮೂರನೇ ಹೆಜ್ಜೆ ತಲೆಗೆ ಹೋಗಲಿಲ್ಲ, ಹೇಳಿಕೊಡು ಅಂದ. ಮೊದಲ ಹೆಸರಿನವರನ್ನೇ ಕೇಳು ಅಂತ ನಿನ್ನ ವಿಳಾಸ ಕೊಟ್ಟಿದ್ದೇನೆ. ಮುಂದಿನ ಭಾನುವಾರ ಅವನ ಜೊತೆ ನಾನೂ ಬರುತ್ತೇನೆ. ಹುಣಸೆ ಬೀಜ ತೆಗೆದಿಟ್ಟಿರು.